ಕಾರಂತರ ಪಕ್ಕದಲ್ಲಿ ನಿಂತವರು

ಎಲ್ಲರಿಗೂ ನಮಸ್ಕಾರ. ನಾಟಕ, ಸಿನಿಮಾ ನಿರ್ದೇಶಿಸಿದ, ಸಂಗೀತವನ್ನೂ ಮಾಡಿದ ಬಿ.ವಿ. ಕಾರಂತರ ಬಗ್ಗೆ ಮಾತಾಡಿ ಅಂದಿದ್ದೀರಿ. ಅವರೊಬ್ಬರ ಬಗ್ಗೆ ಮಾತ್ರ ಮಾತಾಡೋದು ಕಷ್ಟ. ಯಾವ ಕೆಲಸ ಎತ್ತಿಕೊಂಡರೂ ಪಕ್ಕದಲ್ಲಿ ಇನ್ಯಾರೋ ನಿಂತಿರುತ್ತಾರೆ. ಇವತ್ತು ಆ ಇನ್ಯಾರೋ ಅವರ ಕಥೆಯನ್ನೇ ಜಾಸ್ತಿ ಹೇಳುತ್ತೇನೆ.

ಬಂಟ್ವಾಳ ತಾಲ್ಲೂಕಿನ ಮಂಚಿಯ ಹುಡುಗ ಕಾರಂತ ಮನೆ ಬಿಟ್ಟು ಓಡಿ ಗುಬ್ಬಿ ನಾಟಕ ಕಂಪನಿ ಸೇರಿದ್ದು ನಿಮಗೆಲ್ಲ ಗೊತ್ತು. ಮುಂದೆ ಓದು ಅಂತ ಕಾಶಿಗೆ ಕಳಿಸಿದವರು ಕಂಪನಿಯ ಒಡೆಯ ಗುಬ್ಬಿ ವೀರಣ್ಣನವರೇ. ಅಲ್ಲಿ ಹಿಂದಿ ಎಂ.ಎ. ಜೊತೆಗೆ ಓಂಕಾರನಾಥ ಠಾಕೂರರ ಹತ್ತಿರ ಹಿಂದುಸ್ತಾನಿ ಸಂಗೀತವೂ ಆಯಿತು. ಊರಿನ ಯಕ್ಷಗಾನ, ಕಂಪನಿ ನಾಟಕದ ಹಾಡು, ಹಿಂದುಸ್ತಾನಿ, ಎಲ್ಲ ಒಂದೇ ಕಿವಿಗೆ ಬಿದ್ದವು.

ಈಗ ಗಿರೀಶ ಕಾರ್ನಾಡರ ನಾಟಕ 'ಹಯವದನ'ಕ್ಕೆ ಬರೋಣ. ತಲೆ ಅದಲುಬದಲಾಗುವ ಆ ಕಥೆ ಸಿನಿಮಾಕ್ಕೆ ಚೆನ್ನಾಗಿರುತ್ತೆ ಅಂತ ಕಾರ್ನಾಡರು ಕಾರಂತರ ಮುಂದೆ ಹೇಳುತ್ತಿದ್ದರು. ಕಾರಂತರು ಇಲ್ಲ, ಇದು ನಾಟಕ ಅಂದುಬಿಟ್ಟರು. ಭಾಗವತ, ಮುಖವಾಡ, ಇಬ್ಬರು ಹಿಡಿದು ನಿಲ್ಲುವ ಅರ್ಧ ಪರದೆ ಎಲ್ಲ ಆ ನಾಟಕಕ್ಕೆ ಬಂದವು. ನೋಡಿ, ಒಂದು ಸಾಲು ಬರೆಯುವ ಮೊದಲೇ ಜೊತೆಗಾರಿಕೆ ಶುರುವಾಗಿತ್ತು! ಇದರ ತಲೆ ಯಾರದು, ಮೈ ಯಾರದು ಅಂತ ಕೇಳಿದರೆ ತಲೆ ಬದಲಾದ ಮೇಲೆ ಗಂಡ ಯಾರು ಅಂತ ತಿಳಿಯದ ನಾಟಕದ ಪದ್ಮಿನಿಯ ಪಾಡೇ ನಮ್ಮದೂ ಆಗುತ್ತೆ. ಇದೇ ಇಬ್ಬರು 1971ರಲ್ಲಿ 'ವಂಶವೃಕ್ಷ' ಸಿನಿಮಾವನ್ನು ಸೇರಿಯೇ ನಿರ್ದೇಶಿಸಿದರು. ನಿರ್ದೇಶನದ ರಾಷ್ಟ್ರಪ್ರಶಸ್ತಿಯನ್ನೂ ಹಂಚಿಕೊಂಡರು.

1972ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಕಾರಂತರು ಮೂರು ನಾಟಕ ಆಡಿಸಿದರು. ಲಂಕೇಶರು ಕನ್ನಡಕ್ಕೆ ತಂದ 'ಈಡಿಪಸ್', ಅವರದೇ 'ಸಂಕ್ರಾಂತಿ', ಕಂಬಾರರ 'ಜೋಕುಮಾರಸ್ವಾಮಿ'. ಲಂಕೇಶರ ಮಾತು ಚೂರಿಯ ಹಾಗೆ. ಕಂಬಾರರದು ಹಾಡಿಕೊಂಡೇ ಬರೆದ ಹಾಗಿರುತ್ತೆ, ಉತ್ತರ ಕರ್ನಾಟಕದ ಬಯಲಾಟದ ಧಾಟಿ ಅದರೊಳಗೇ ಇದೆ. ಅಂಥ ನಾಟಕಕ್ಕೆ ಸಂಗೀತ ಮಾಡುವವನಿಗೆ ಎಲ್ಲಿ ಸುಮ್ಮನಿರಬೇಕು ಅನ್ನೋದೂ ಗೊತ್ತಿರಬೇಕು, ಅಲ್ವಾ? ನನ್ನ ಪ್ರಕಾರ ಕಾರಂತರ ದೊಡ್ಡ ಗುಣವೇ ಅದು. ಪ್ರತಿಯೊಬ್ಬ ಲೇಖಕನ ಹತ್ತಿರವೂ ಬೇರೆಯೇ ಕಿವಿ ಇಟ್ಟುಕೊಂಡು ಕೂತರು.

'ಚೋಮನ ದುಡಿ' ನೆನಪಿಸಿಕೊಳ್ಳಿ. ಬಿ.ವಿ. ಕಾರಂತರು ನಿರ್ದೇಶಿಸಿದ 1975ರ ಚಿತ್ರ, ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಸ್ವರ್ಣಕಮಲ ಬಂತು. ಕಥೆ ಕಾದಂಬರಿಕಾರ ಶಿವರಾಮ ಕಾರಂತರದು, ಚೋಮನಾಗಿ ಎಂ.ವಿ. ವಾಸುದೇವರಾವ್. ಚೋಮನಿಗೆ ಇರೋದು ಒಂದೇ ಆಸೆ, ತುಂಡು ಭೂಮಿ ಉಳಬೇಕು. ಹೊಲೆಯನಿಗೆ ಅದು ಸಿಗೋದಿಲ್ಲ. ಸಾಲ ತೀರೋದಿಲ್ಲ, ಮಕ್ಕಳು ಒಬ್ಬೊಬ್ಬರಾಗಿ ಕೈತಪ್ಪುತ್ತಾರೆ. ಬಾಯಲ್ಲಿ ಹೇಳಲಾಗದ್ದನ್ನು ಅವನು ದುಡಿಯಲ್ಲಿ, ಅಂದರೆ ತನ್ನ ಚರ್ಮವಾದ್ಯದಲ್ಲಿ, ಬಾರಿಸುತ್ತಾನೆ. ಕೊನೆಗೆ ಬಾರಿಸುತ್ತಲೇ ಸಾಯುತ್ತಾನೆ. ಇಲ್ಲಿ ವಾದ್ಯ ಹಿನ್ನೆಲೆಯಲ್ಲಿಲ್ಲ, ಪಾತ್ರದ ಕೈಯಲ್ಲೇ ಇದೆ. ಕಾದಂಬರಿಕಾರ ಕೊಟ್ಟ ದುಡಿ, ನಟನ ಬೆರಳು, ನಿರ್ದೇಶಕನ ಕಿವಿ. ನಾನು ಆ ಚಿತ್ರ ಎಷ್ಟು ಸಲ ನೋಡಿದರೂ, ದುಡಿ ನಿಂತ ಮೇಲೆ ಸ್ವಲ್ಪ ಹೊತ್ತು ಎದ್ದೇಳಲಾಗೋದಿಲ್ಲ.

ಆ ಚಿತ್ರದಲ್ಲಿ ಸಹಾಯಕರಾಗಿದ್ದ ಹುಡುಗ ಗಿರೀಶ ಕಾಸರವಳ್ಳಿ. ಎರಡು ವರ್ಷ ಕಳೆದು ಅವರು 'ಘಟಶ್ರಾದ್ಧ' ಮಾಡಿದಾಗ ಕಾರಂತರು ಸಂಗೀತ ಕೊಟ್ಟರು. ಮೊನ್ನೆಯ ಸಹಾಯಕ ಇವತ್ತು ನಿರ್ದೇಶಕ, ಮೊನ್ನೆಯ ನಿರ್ದೇಶಕ ಅವನ ಕೈಕೆಳಗೆ! ಅದಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಬಂಗಾಳದ ಮೃಣಾಲ್ ಸೇನರ 'ಏಕ್ ದಿನ್ ಪ್ರತಿದಿನ್', 'ಖಾರಿಜ್' ಚಿತ್ರಗಳಿಗೂ ಅವರದೇ ಸಂಗೀತ. ಭಾಷೆ ಬೇರೆ ಅಂತ ಕಿವಿ ಬದಲಾಗಲಿಲ್ಲ.

ಮನೆಯಲ್ಲೇ ಇದ್ದ ಜೊತೆಗಾರ್ತಿಯನ್ನು ನಾವು ಸುಲಭವಾಗಿ ಮರೆಯುತ್ತೇವೆ. ಪ್ರೇಮಾ ಕಾರಂತರು ಗಂಡನ ನಾಟಕಗಳಿಗೆ ಉಡುಪು ವಿನ್ಯಾಸ ಮಾಡಿದರು. ಆಮೇಲೆ 'ಫಣಿಯಮ್ಮ'ವನ್ನು ತಾವೇ ನಿರ್ದೇಶಿಸಿದರು. ಅವರನ್ನು ಬರೀ ಶ್ರೀಮತಿ ಕಾರಂತ್ ಅಂತ ಪರಿಚಯಿಸೋದು ಕೇಳಿದಾಗ ನನಗೆ ಸಿಟ್ಟೇ ಬರುತ್ತೆ.

ಕಾರಂತರ ಆತ್ಮಕಥೆ 'ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ' ಇಲ್ಲಿ ಯಾರಾದರೂ ಓದಿದ್ದೀರಾ? ಓದಿದವರಿಗೆ ಗೊತ್ತಿರುತ್ತೆ, ಅದನ್ನೂ ಅವರೊಬ್ಬರೇ ಕೂತು ಬರೆಯಲಿಲ್ಲ. ಅವರು ಹೇಳುತ್ತಾ ಹೋದರು, ಲೇಖಕಿ ವೈದೇಹಿ ಬರೆದುಕೊಂಡರು.