ಗಾಲ್ಫ್ ಹೋಯಿತು, ದಾರಿ ಉಳಿಯಿತು

ಕೇಳುಗರೆಲ್ಲರಿಗೂ ನಮಸ್ಕಾರ.

ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ನಗರದ ಉತ್ತರಕ್ಕೆ ಓರೋ ವ್ಯಾಲಿ ಎಂಬ ಊರಿದೆ. ಸುತ್ತ ಸೊನೋರಾ ಮರುಭೂಮಿ. ವರ್ಷಕ್ಕೆ ಬೀಳುವ ಮಳೆ 12 ಇಂಚಿನ ಆಸುಪಾಸು. ನಮ್ಮ ಚಳ್ಳಕೆರೆಯವರೂ "ಅಷ್ಟೇನಾ?" ಅಂದಾರು.

ಅಂಥ ಕಡೆ 1990ರ ದಶಕದಲ್ಲಿ ವಿಸ್ಟೋಸೊ ಎಂಬ ಗಾಲ್ಫ್ ಮೈದಾನ ಎದ್ದಿತು. ವಿನ್ಯಾಸ ಮಾಡಿದವರು 1973ರ ಬ್ರಿಟಿಷ್ ಓಪನ್ ಗಾಲ್ಫ್ ಪಂದ್ಯಾವಳಿ ಗೆದ್ದಿದ್ದ ಟಾಮ್ ವೈಸ್ಕಾಫ್. ಕ್ಲಬ್ಬಿನ ಸದಸ್ಯರೇ ಆಗಬೇಕು ಅಂತೇನಿರಲಿಲ್ಲ. ದುಡ್ಡು ಕೊಟ್ಟರೆ ಯಾರು ಬೇಕಾದರೂ ಆಡಬಹುದಿತ್ತು.

ಮರುಭೂಮಿಯಲ್ಲಿ ಹುಲ್ಲು ಹೇಗೆ ಅಂತೀರಾ? ಅಲ್ಲಿನ ಮೈದಾನಗಳಲ್ಲಿ ಬೇಸಿಗೆಗೆ ಬರ್ಮುಡಾ ಹುಲ್ಲು. ಹೆಸರು ಕೇಳಿ ಗಾಬರಿಯಾಗಬೇಡಿ, ಅದು ನಾವು ಗಣಪತಿಗೆ ಏರಿಸುವ ಗರಿಕೆಯ ಜಾತಿಯದೇ. ಚಳಿಗಾಲದಲ್ಲಿ ಗರಿಕೆ ಒಣಗಿ ಕಂದಾಗುತ್ತದೆ. ಆಗ ಅದರ ಮೇಲೇ ರೈ ಹುಲ್ಲಿನ ಬೀಜ ಚೆಲ್ಲಿ ಮತ್ತೆ ನೀರು ಬಿಡುತ್ತಾರೆ. ಹನ್ನೆರಡು ತಿಂಗಳೂ ಹಸಿರು ಕಾಣಬೇಕಲ್ವಾ!

ಆದರೆ ಅರಿಜೋನಾ 1980ರಲ್ಲೇ ಅಂತರ್ಜಲಕ್ಕೆ ಕಟ್ಟುನಿಟ್ಟಿನ ಕಾನೂನು ತಂದಿತ್ತು. ಮನಸ್ಸು ಬಂದಷ್ಟು ಜಾಗಕ್ಕೆ ಹುಲ್ಲು ಹಾಸುವಂತಿರಲಿಲ್ಲ. ಹಾಗಾಗಿ ಚೆಂಡು ಹೊಡೆಯುವಲ್ಲಿ, ಬೀಳುವಲ್ಲಿ ಮಾತ್ರ ಹಸಿರು. ನಡುವೆಲ್ಲ ಕಳ್ಳಿ, ಮುಳ್ಳು, ಕಲ್ಲು ಇದ್ದ ಹಾಗೇ ಉಳಿದವು. ಆಟಗಾರರಿಗೆ ಅದು ಚೆಂಡು ಕಳೆಯುವ ಜಾಗ. ನನಗೆ ಕೇಳಿದರೆ, ಮುಂದೆ ಆ ಮೈದಾನವನ್ನು ಕಾಪಾಡಿದ್ದೇ ಹಾಗೆ ಉಳಿದ ಆ ಮರುಭೂಮಿ.

2018ರಲ್ಲಿ ಆಟ ನಿಂತಿತು. ನೀರು ಬಿಡುವುದು ನಿಂತ ಮೇಲೆ ಹುಲ್ಲು ಉಳಿಯುತ್ತದೆಯೇ? ಒಣಗಿತು. ಅಲ್ಲಿ ಮನೆ ಕಟ್ಟುವ ಮಾತು ಬಂದಾಗ ಅಕ್ಕಪಕ್ಕದವರು ಒಪ್ಪಲಿಲ್ಲ. ಸುಮ್ನೆ ಗೊಣಗುತ್ತಾ ಕೂರಲೂ ಇಲ್ಲ. ಗುಂಪು ಕಟ್ಟಿದರು, ಚಂದಾ ಎತ್ತಿದರು. ಕನ್ಸರ್ವೇಶನ್ ಫಂಡ್ ಎಂಬ ಸಂಸ್ಥೆ ಜಾಗ ಕೊಂಡು ಊರಿಗೆ ಒಪ್ಪಿಸಿತು. 2022ರ ಹೊತ್ತಿಗೆ ಆ 202 ಎಕರೆ ಎಲ್ಲರೂ ಓಡಾಡುವ ನಿಸರ್ಗಧಾಮವಾಯಿತು. ವೈಸ್ಕಾಫ್ ತೀರಿಕೊಂಡದ್ದೂ ಅದೇ ವರ್ಷ.

ಇದರಲ್ಲೊಂದು ತಮಾಷೆಯಿದೆ. ಆಟಗಾರರು ನಡೆಯದೆ ಗಾಡಿಯಲ್ಲಿ ಹೋಗಲಿ ಅಂತ ಹಾಕಿದ್ದ ದಾರಿಗಳಲ್ಲೇ ಈಗ ಜನ ಬೆಳಗಿನ ವಾಕಿಂಗ್ ಮಾಡುತ್ತಾರೆ. ಅಲ್ಲಿನ ಮೆಸ್ಕೀಟ್ ಮರ ನಮ್ಮ ಬಳ್ಳಾರಿ ಜಾಲಿಯ ದಾಯಾದಿ. ಜಾಲಿ ಇಲ್ಲಿ ಹೊಲಕ್ಕೆ ನುಗ್ಗಿ ಬೈಸಿಕೊಳ್ಳುತ್ತದೆ, ಮೆಸ್ಕೀಟ್ ಮಾತ್ರ ತನ್ನ ತವರಿನಲ್ಲಿ ನೆರಳು ಕೊಡುವ ಒಳ್ಳೆಯ ಮರ!

ಹುಲ್ಲು ಸತ್ತ ಜಾಗ ಮತ್ತೆ ಮರುಭೂಮಿಯಾಗಲು ಎಷ್ಟು ಕಾಲ ಬೇಕು? ಸಗ್ವಾರೊ ಎಂಬ ಕಂಬದಂಥ ಕಳ್ಳಿಯನ್ನೇ ನೋಡಿ. ಅದರ ಸಸಿ ಬಯಲಲ್ಲಿ ಬದುಕುವುದು ಕಷ್ಟ. ಯಾವುದಾದರೂ ಮುಳ್ಳುಮರದ ಬುಡದಲ್ಲಿ, ಬಿಸಿಲಿಗೆ ಮರೆಯಾಗಿ ಬೇರು ಬಿಡುತ್ತದೆ. ಎಂಟು ವರ್ಷಕ್ಕೆ ಅದರ ಎತ್ತರ ಒಂದೂವರೆ ಇಂಚು. ಪಕ್ಕಕ್ಕೆ ಮೊದಲ ತೋಳು ಚಾಚಲು ಐವತ್ತು ವರ್ಷವಾದರೂ ಬೇಕು. ಆಟ ನಿಂತ ವರ್ಷ ಅಲ್ಲೊಂದು ಬೀಜ ಮೊಳೆತಿದ್ದರೆ, ಆ ಸಸಿ ಇವತ್ತಿಗೂ ನಿಮ್ಮ ಹೆಬ್ಬೆರಳಿನ ಮರೆಯಲ್ಲಿ ಅಡಗುತ್ತದೆ.

ನಮಸ್ಕಾರ.