ಮಲ್ಟಿಕಾಸ್ಟ್ ಟೆಸ್ಟ್ ಹತ್ತು ನಿಮಿಷ ಓಡ್ಲಿ

ನಮಸ್ಕಾರ್ರಿ. ಉದ್ಯಮಬಾಗದ ಕಾರ್ಖಾನಿಗೆ ಕ್ಯಾಮೆರಾ ಕೂಡ್ರಸೋರು, ಗೋಕಾಕ, ಅಥಣಿ ಕಡೆ ಮನಿಮನಿಗೆ ಐಪಿಟಿವಿ ಕೊಡೋರು, ಬೆಳಗಾವಿ ಕಾಲೇಜುಗಳ ನೆಟ್‌ವರ್ಕ್ ಲ್ಯಾಬ್ ನೋಡ್ಕೊಳ್ಳೋರು, ಇವತ್ತಿನ ಮಾತು ನಿಮಗ. ಎರಡು ನಿಮಿಷ ಚಿತ್ರ ಬಂತು ಅಂತ ಬಿಲ್ ಕೊಟ್ಟು ಎದ್ದು ಬರಬ್ಯಾಡ್ರಿ. ಮಲ್ಟಿಕಾಸ್ಟಿನ (ಒಂದೇ ಸ್ಟ್ರೀಮ್ ಬೇಕಾದವರಿಗೆಲ್ಲಾ ಒಮ್ಮೆಲೆ ಮುಟ್ಟಿಸೋ ಪದ್ಧತಿಯ) ದೊಡ್ಡ ತಪ್ಪು ಕಾಣಸೋದು ನಾಲ್ಕು ನಿಮಿಷ ದಾಟಿದ ಮ್ಯಾಲೆ.

ಯಾಕ ಅಂದ್ರ, ಸ್ನೂಪಿಂಗ್ ಇರೋ ಸ್ವಿಚ್ಚು ಯಾವ ಪೋರ್ಟಿಗೆ ಯಾವ ಗ್ರೂಪ್ (ಸ್ಟ್ರೀಮಿನ ಹಂಚಿಕಿ ವಿಳಾಸ) ಬೇಕು ಅನ್ನೋದನ್ನ ಐಜಿಎಂಪಿ ರಿಪೋರ್ಟ್, ಅಂದ್ರ ‘ನನಗ ಈ ಗ್ರೂಪ್ ಬೇಕು’ ಅಂತ ರಿಸೀವರ್ ಕಳಸೋ ಸಂದೇಶ, ನೋಡಿ ಬರ್ಕೊಂತೈತಿ. ನೆಟ್‌ವರ್ಕಿನಾಗ ಕ್ವೆರಿಯರ್ (ಯಾರಿಗೆ ಯಾವ ಗ್ರೂಪ್ ಬೇಕು ಅಂತ ಕೇಳೋ ರೂಟರ್ ಇಲ್ಲಾ ಸ್ವಿಚ್ಚು) ಇದ್ರ, 125 ಸೆಕೆಂಡಿಗೊಮ್ಮೆ ಎಲ್ಲಾರನ್ನೂ ಕೇಳತೈತಿ, ರಿಸೀವರ್ ಮತ್ತ ರಿಪೋರ್ಟ್ ಕಳಸತೈತಿ. ಕ್ವೆರಿಯರ್ ಇಲ್ಲಾಂದ್ರ ಕೇಳೋರೇ ಇಲ್ಲ, ರಿಸೀವರ್ ಸುಮ್ನ ಇರತೈತಿ. ಸ್ವಿಚ್ಚು ಬರ್ಕೊಂಡದ್ದನ್ನ ಇಟ್ಕೊಳ್ಳೋ ಡೀಫಾಲ್ಟ್ ಟೈಮರ್ 260 ಸೆಕೆಂಡು: 125ರ ಎರಡು ಪಟ್ಟು, ಮ್ಯಾಲೆ 10. ಅದು ಮುಗೀತು ಅಂದ್ರ ಪೋರ್ಟಿಗೆ ಸ್ಟ್ರೀಮ್ ಬಂದ್. ಪ್ಲೇಯರ್ ಬಂದ್ ಮಾಡಿ ಚಾಲೂ ಮಾಡಿದ್ರ ಮತ್ತ ನಾಲ್ಕು ನಿಮಿಷ ಛಲೋ ನಡೀತೈತಿ. ಅದಕ್ಕ ಕ್ಯಾಮೆರಾನೇ ಕೆಟ್ಟೈತಿ ಅಂತ ಬದಲಿ ಮಾಡ್ತಾರ. ರೊಕ್ಕ ಸುಮ್ನ ದಂಡ!

ಪಿಂಗ್ (ಮಷೀನು ಉತ್ತರ ಕೊಡತೈತೇನು ಅಂತ ನೋಡೋ ಕಮಾಂಡ್) ಮ್ಯಾಲೆ ನಂಬಿಕಿ ಇಡಬ್ಯಾಡ್ರಿ. ಗ್ರೂಪ್ ವಿಳಾಸಕ್ಕ ಪಿಂಗ್ ಬಂದ್ರ ಲಿನಕ್ಸ್ ಡೀಫಾಲ್ಟಿನಾಗ ಉತ್ತರ ಕೊಡಂಗಿಲ್ಲ. ಉತ್ತರ ಬರಲಿಲ್ಲ ಅಂದ್ರ ಏನೂ ಗೊತ್ತಾಗಲಿಲ್ಲ ಅಂತ ಅಷ್ಟ.

ಅದಕ್ಕ ಐಪರ್ಫ್ (ಡೇಟಾ ಕಳಿಸಿ ಎಷ್ಟು ಪ್ಯಾಕೆಟ್ ಕಳೀತು, ಅಂದ್ರ ಲಾಸ್, ಅಳಿಯೋ ಪ್ರೋಗ್ರಾಮ್) ತಗೊಳ್ರಿ, ಆದ್ರ ಎರಡನೇ ಆವೃತ್ತಿ. ಐಪರ್ಫ್ 3 ಮಲ್ಟಿಕಾಸ್ಟ್ ಮಾಡಂಗಿಲ್ಲ. ಕೇಳೋ ಮಷೀನಿನಾಗ ಮೈನಸ್ ಎಸ್, ಮೈನಸ್ ಯು, ದೊಡ್ಡ ಬಿ ಕೊಟ್ಟು 239.10.10.1, ಆಮ್ಯಾಲೆ ಮೈನಸ್ ಐ 1. ಕಳಸೋ ಕಡೆ ಮೈನಸ್ ಸಿ ಅದೇ ವಿಳಾಸ, ಮೈನಸ್ ಯು, ಸಣ್ಣ ಬಿ 4 ಎಂ, ಸಣ್ಣ ಟಿ 600 (ಸೆಕೆಂಡು, ಅಂದ್ರ ಹತ್ತು ನಿಮಿಷ), ದೊಡ್ಡ ಟಿ 8. ಈ ದೊಡ್ಡ ಟಿ ಮರೀಬ್ಯಾಡ್ರಿ, ಅದು ಟಿಟಿಎಲ್, ಪ್ಯಾಕೆಟ್ ಎಷ್ಟು ರೂಟರ್ ದಾಟಬಹುದು ಅನ್ನೋ ಮಿತಿ. ಡೀಫಾಲ್ಟ್ 1 ಇರತೈತಿ, ಮೊದಲನೇ ರೂಟರಿನಾಗೇ ಪ್ಯಾಕೆಟ್ ಸಾಯತೈತಿ. ಲಾಸ್ ನೋಡೋದು ಕೇಳೋ ಕಡೆ, ಕಳಸೋ ಕಡೆ ಅಲ್ಲ.

ಅದು ಓಡೋವಾಗ ಇನ್ನೊಂದು ಟರ್ಮಿನಲ್‌ನಾಗ ಟಿಸಿಪಿಡಂಪ್ (ಕಾರ್ಡಿಗೆ ಬರೋ ಪ್ಯಾಕೆಟ್ ತೋರಿಸೋ ಪ್ರೋಗ್ರಾಮ್) ಹಚ್ಚಿ, ಫಿಲ್ಟರ್ ಐಜಿಎಂಪಿ ಕೊಡ್ರಿ. ಎಲ್ಲಾ ಮಷೀನಿಗೂ ಮುಟ್ಟೋ ವಿಳಾಸ 224.0.0.1ಕ್ಕ ಕ್ವೆರಿ ಬರತೈತೇನು, ಯಾವ ಐಪಿಯಿಂದ, ಎಷ್ಟು ಸೆಕೆಂಡಿಗೊಮ್ಮೆ, ಬರ್ಕೊಳ್ರಿ. ಎರಡು ಕ್ವೆರಿಯರ್ ಇದ್ರ ಸಣ್ಣ ಐಪಿ ಇದ್ದದ್ದು ಗೆಲ್ಲತೈತಿ. ಯಾರೋ ಹೊಸಾ ಸ್ವಿಚ್ ಸೇರಿಸಿದ್ರ ಇಲ್ಲೇ ಗೊತ್ತಾಗತೈತಿ. ಒಂದು ಮಾತು ಲಕ್ಷ್ಯದಾಗ ಇರ್ಲಿ: ಟಿಸಿಪಿಡಂಪ್ ತಾನಾಗೇ ಗ್ರೂಪಿಗೆ ಜಾಯಿನ್ ಆಗಂಗಿಲ್ಲ. ಐಪರ್ಫ್ ಆಗ್ಲಿ, ಎಂಸಿಜಾಯಿನ್ ಅನ್ನೋ ಪ್ರೋಗ್ರಾಮ್ ಆಗ್ಲಿ ಜಾಯಿನ್ ಮಾಡಿರಬೇಕು. ಇಲ್ಲಾಂದ್ರ ಸ್ವಿಚ್ಚು ನಿಮ್ಮ ಪೋರ್ಟಿಗೆ ಡೇಟಾ ಬಿಡಂಗಿಲ್ಲ, ನೀವು ಸ್ಟ್ರೀಮೇ ಇಲ್ಲ ಅಂತ ತಿಳ್ಕೊಂತೀರಿ.

ಎರಡು ಲ್ಯಾನ್ ಕಾರ್ಡ್ ಇರೋ ರೆಕಾರ್ಡರ್ ಸರ್ವರ್ ಅಂದ್ರ ಇನ್ನೂ ಸೂಕ್ಷ್ಮ. ಜಾಯಿನ್ ಯಾವ ಕಾರ್ಡಿನಾಗ ಕುಂತೈತಿ ಅಂತ ಐಪಿ ಎಂಎಡಿಡಿಆರ್ ಶೋ ಕಮಾಂಡಿನಾಗ ನೋಡ್ರಿ. ಕಾರ್ಡೂ ಸರಿ ಐತಿ, ಟಿಸಿಪಿಡಂಪಿನಾಗ ಪ್ಯಾಕೆಟ್ ಸುರೀತಾವ, ಆದ್ರ ಪ್ರೋಗ್ರಾಮಿಗೆ ಒಂದೂ ಮುಟ್ಟವಲ್ದು? ಫೈರ್‌ವಾಲ್ ನೋಡ್ರಿ, ಆಮ್ಯಾಲೆ ಆರ್‌ಪಿ ಫಿಲ್ಟರ್ (ಪ್ಯಾಕೆಟ್ ಕಳಿಸಿದ ಐಪಿಗೆ ವಾಪಸ್ ದಾರಿ, ಅದು ಬಂದ ಕಾರ್ಡಿನಾಗೇ ಐತೇನು ಅಂತ ಲಿನಕ್ಸ್ ಮಾಡೋ ತಪಾಸಣಿ). ಕ್ಯಾಮೆರಾದ ಐಪಿಗೆ ಹೋಗೋ ದಾರಿ ಇನ್ನೊಂದು ಕಾರ್ಡಿನಾಗ ಇದ್ರ, ಆರ್‌ಪಿ ಫಿಲ್ಟರ್ 1 ಇದ್ದಾಗ ಕರ್ನಲ್ ಸುಳಿವೇ ಕೊಡದ ಪ್ಯಾಕೆಟ್ ಬಿಸಾಕತೈತಿ. ಎನ್‌ಸ್ಟ್ಯಾಟ್ ಕಮಾಂಡಿನಾಗ ಐಪಿ ರಿವರ್ಸ್ ಪಾತ್ ಫಿಲ್ಟರ್ ಅನ್ನೋ ಎಣಿಕಿ ಏರತಿದ್ರ ಅದೇ ರೋಗ. ಸ್ಟ್ರೀಮ್ ಬರೋ ಕಾರ್ಡಿನ ಆರ್‌ಪಿ ಫಿಲ್ಟರಿಗೆ 2 ಹಾಕ್ರಿ, ಇಲ್ಲಾಂದ್ರ ಕ್ಯಾಮೆರಾದ ಸಬ್‌ನೆಟ್ಟಿಗೆ ಸರಿಯಾದ ರೂಟ್ ಬರೀರಿ. ರೂಟ್ ಬರಿಯೋದೇ ಛಲೋ.

ಗ್ರೂಪ್ ವಿಳಾಸ ಆರಿಸೋವಾಗ 239.0.0 ಅಂತ ಶುರುವಾಗೋದು ಬ್ಯಾಡ. 32 ಗ್ರೂಪಿಗೆ ಒಂದೇ ಮ್ಯಾಕ್ ವಿಳಾಸ (ಸ್ವಿಚ್ಚು ನೋಡೋ ಹಾರ್ಡ್‌ವೇರ್ ವಿಳಾಸ) ಬರತೈತಿ. 239.0.0.5ರ ಮ್ಯಾಕ್, ರೂಟರುಗಳು ದಾರಿ ಹಂಚ್ಕೊಳ್ಳೋ ಓಎಸ್‌ಪಿಎಫ್ ಬಳಸೋ 224.0.0.5ರ ಮ್ಯಾಕ್ ಎರಡೂ ಒಂದ. ಅಂಥಾ ಮ್ಯಾಕ್ ಬಂದ್ರ ಭಾಳ ಸ್ವಿಚ್ಚು ಎಲ್ಲಾ ಪೋರ್ಟಿಗೂ ಸುರಿದು ಬಿಡ್ತಾವ, ಸ್ನೂಪಿಂಗ್ ಚಾಲೂ ಇದ್ರೂ.