24 ಗೋಲಿಗೆ 500 ಕೋಟಿನಾ? ಸ್ಲಾಫ್ಕೊವ್‌ಸ್ಕಿ ಒಪ್ಪಂದದ ಒಳಲೆಕ್ಕ

[ದೃಶ್ಯ: ಮಾಂಟ್ರಿಯಲ್‌ನ ಬೆಲ್ ಸೆಂಟರ್, ಕೆಂಪು ಜೆರ್ಸಿ ತೊಟ್ಟ ಪ್ರೇಕ್ಷಕರು]

ನಮಸ್ಕಾರ. ಹಾಕಿ ಅಂದ ತಕ್ಷಣ ಕೊಡಗಿನ ಮೈದಾನ ನೆನಪಾದವರಿಗೆ ಮೊದಲೇ ಹೇಳ್ಬಿಡ್ತೀನಿ, ಇವತ್ತಿನದು ಐಸ್ ಹಾಕಿ. ಊರು ಕೆನಡಾದ ಮಾಂಟ್ರಿಯಲ್.

2024ರ ಜುಲೈ 1ರಂದು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡ ಯುರಾಯ್ ಸ್ಲಾಫ್ಕೊವ್‌ಸ್ಕಿ ಅನ್ನೋ 20 ವರ್ಷದ ಸ್ಲೊವಾಕಿಯಾ ಹುಡುಗನ ಜೊತೆ ಎಂಟು ವರ್ಷದ ಒಪ್ಪಂದ ಮಾಡಿಕೊಳ್ತು. ಒಟ್ಟು 60.8 ಮಿಲಿಯನ್ ಡಾಲರ್, ಆಗಿನ ಲೆಕ್ಕದಲ್ಲಿ ಸುಮಾರು 500 ಕೋಟಿ ರೂಪಾಯಿ. ವರ್ಷಕ್ಕೆ ಸರಾಸರಿ 7.6 ಮಿಲಿಯನ್. ಆ ಹೊತ್ತಿಗೆ ಎನ್‌ಎಚ್‌ಎಲ್‌ನಲ್ಲಿ, ಅಂದ್ರೆ ಅಮೆರಿಕ-ಕೆನಡಾದ ದೊಡ್ಡ ಐಸ್ ಹಾಕಿ ಲೀಗ್‌ನಲ್ಲಿ, ಇವನು ಆಡಿದ್ದು ಎರಡೇ ಸೀಸನ್. ಅದರಲ್ಲೊಂದು ಗಾಯದಿಂದ ಅರ್ಧಕ್ಕೇ ಮುಗಿದಿತ್ತು. ಎರಡೂ ಸೇರಿ 24 ಗೋಲ್. ಇಷ್ಟಕ್ಕೆ ಅಷ್ಟು ದುಡ್ಡಾ ಅಂತ ಕೇಳಿದವರು ಬಹಳ ಜನ.

ಕೇಳೋದು ಸರಿನೇ. ಆದ್ರೆ ಎನ್‌ಎಚ್‌ಎಲ್‌ನಲ್ಲಿ ಎಳೆ ಆಟಗಾರನಿಗೆ ಬರೆಯೋ ದೊಡ್ಡ ಚೆಕ್ಕು ಮುಂದೆ ಆಡೋ ಆಟದ ಮೇಲಿನ ಬಾಜಿ. ಇಲ್ಲಿ ಮಾಂಟ್ರಿಯಲ್ ಖರೀದಿ ಮಾಡಿದ್ದು ಇವನ 21ರಿಂದ 29ರವರೆಗಿನ ವಯಸ್ಸನ್ನ.

[ದೃಶ್ಯ: 2022ರ ಡ್ರಾಫ್ಟ್ ವೇದಿಕೆ]

ಸ್ವಲ್ಪ ಹಿಂದಕ್ಕೆ ಹೋಗೋಣ. 2022ರ ಬೀಜಿಂಗ್ ಒಲಿಂಪಿಕ್ಸ್. 17 ವರ್ಷದ ಸ್ಲಾಫ್ಕೊವ್‌ಸ್ಕಿ 7 ಗೋಲ್ ಹೊಡೆದ, ಟೂರ್ನಿಯ ಶ್ರೇಷ್ಠ ಆಟಗಾರನಾದ. ಸ್ಲೊವಾಕಿಯಾಗೆ ಐಸ್ ಹಾಕಿಯಲ್ಲಿ ಮೊದಲ ಒಲಿಂಪಿಕ್ ಪದಕ, ಕಂಚು, ಬಂತು. ಒಂದು ಮಾತು ಸೇರಿಸಲೇಬೇಕು: ಆ ಒಲಿಂಪಿಕ್ಸ್‌ಗೆ ಎನ್‌ಎಚ್‌ಎಲ್ ಆಟಗಾರರು ಹೋಗಿರಲಿಲ್ಲ. ಅದೇ ವರ್ಷ ಫಿನ್ಲೆಂಡಿನ ಲೀಗ್‌ನಲ್ಲಿ ಟಿಪಿಎಸ್ ತಂಡಕ್ಕೆ 31 ಪಂದ್ಯ ಆಡಿ ಇವನು ಹೊಡೆದಿದ್ದು ಬರೀ 5 ಗೋಲ್. ಅಂದ್ರೆ ಯಾವ ಅಂಕಿ ನಂಬಬೇಕು ಅನ್ನೋ ಗೊಂದಲ ಶುರುವಿನಿಂದಲೇ ಇತ್ತು.

ಡ್ರಾಫ್ಟ್ ಅಂದ್ರೆ ತಂಡಗಳು ಸರದಿ ಪ್ರಕಾರ ಎಳೆ ಆಟಗಾರರನ್ನ ಆರಿಸಿಕೊಳ್ಳೋ ಕಾರ್ಯಕ್ರಮ. ಆ ವರ್ಷದ ಡ್ರಾಫ್ಟ್ ನಡೆದಿದ್ದು ಮಾಂಟ್ರಿಯಲ್‌ನಲ್ಲೇ, ಮೊದಲ ಆಯ್ಕೆಯೂ ಮಾಂಟ್ರಿಯಲ್‌ನದ್ದೇ. ಬಹಳ ಕಾಲದಿಂದ ಒಂದನೇ ನಂಬರ್ ಅಂತ ಹೆಸರು ಕೇಳಿಬರ್ತಿದ್ದಿದ್ದು ಕೆನಡಾದ ಶೇನ್ ರೈಟ್‌ದು. ತಂಡ ಸ್ಲಾಫ್ಕೊವ್‌ಸ್ಕಿ ಹೆಸರು ಕೂಗಿತು. ರೈಟ್ ನಾಲ್ಕನೇ ಸ್ಥಾನಕ್ಕೆ ಜಾರಿ ಸಿಯಾಟಲ್ ಪಾಲಾದ. ವೇದಿಕೆಯಿಂದ ಮಾಂಟ್ರಿಯಲ್ ಮೇಜಿನ ಕಡೆ ಅವನು ಗುರಾಯಿಸಿದ ಅಂತ ಒಂದು ಕ್ಲಿಪ್ ಎಲ್ಲ ಕಡೆ ಓಡಾಡ್ತು. ಹಾಗೇನಿಲ್ಲ ಅಂತ ಆಮೇಲೆ ಅವನೇ ಹೇಳಿದ, ಜನ ನಂಬಲಿಲ್ಲ ಬಿಡಿ!

ಮೊದಲ ಸೀಸನ್ ನೋಡಿದವರಿಗೆ ಆ ಆಯ್ಕೆ ಎಡವಟ್ಟು ಅನ್ನಿಸಿದ್ರೆ ತಪ್ಪೇನಿಲ್ಲ. 39 ಪಂದ್ಯ, 4 ಗೋಲ್, 6 ಅಸಿಸ್ಟ್ (ಬೇರೆಯವರ ಗೋಲಿಗೆ ದಾರಿ ಮಾಡಿಕೊಟ್ಟ ಪಾಸ್). 2023ರ ಜನವರಿಯಲ್ಲಿ ಮೊಣಕಾಲಿಗೆ ಪೆಟ್ಟು, ಸೀಸನ್ ಖತಂ. ಇವನನ್ನ ಕೆಳಗಿನ ಲೀಗ್‌ಗೆ, ಲವಾಲ್ ತಂಡಕ್ಕೆ ಕಳಿಸಿ ಪಳಗಿಸಬೇಕಿತ್ತು ಅನ್ನೋ ವಾದ ಜೋರಾಗಿತ್ತು. ತಂಡ ಕಳಿಸಲಿಲ್ಲ. ಎರಡನೇ ಸೀಸನ್ನಿನ ಶುರುವೂ ಸಪ್ಪೆಯೇ.

[ದೃಶ್ಯ: ರಿಂಕಿನ ಮೂಲೆಯಲ್ಲಿ ಪಕ್‌ಗಾಗಿ ಹೋರಾಟ, ನಿಧಾನಗತಿ]

ಆಮೇಲೆ ಕೋಚ್ ಮಾರ್ಟಿನ್ ಸೇಂಟ್ ಲೂಯಿ ಇವನನ್ನ ನಿಕ್ ಸುಝುಕಿ, ಕೋಲ್ ಕಾಫೀಲ್ಡ್ ಜೊತೆ ಮೊದಲ ಲೈನಿಗೆ, ಅಂದ್ರೆ ಒಟ್ಟಿಗೆ ದಾಳಿ ಮಾಡೋ ಮುಖ್ಯ ಮೂವರ ಗುಂಪಿಗೆ, ಹಾಕಿ ಅಲ್ಲೇ ಬಿಟ್ಟರು. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಕಾಫೀಲ್ಡ್ 5 ಅಡಿ 8 ಇಂಚು, ಒಳ್ಳೇ ಗುರಿಕಾರ. ಸುಝುಕಿ ಆಟ ಕಟ್ಟೋ ತಲೆ. ಇಬ್ಬರಿಗೂ ಬೇಕಾಗಿದ್ದು ಮೂಲೆಯಿಂದ ಪಕ್ (ಚೆಂಡಿನ ಬದಲು ಆಡೋ ರಬ್ಬರ್ ಬಿಲ್ಲೆ) ಕಿತ್ತು ತಂದುಕೊಡೋ ಒಂದು ಧಾಂಡಿಗ ದೇಹ. ಸ್ಲಾಫ್ಕೊವ್‌ಸ್ಕಿ 6 ಅಡಿ 3 ಇಂಚು. ಪಕ್ ಬೋರ್ಡಿನ, ಅಂದ್ರೆ ರಿಂಕಿನ ಸುತ್ತಲಿನ ಗೋಡೆಯ, ಹತ್ತಿರ ಸಿಕ್ಕಿಕೊಂಡಾಗ ಎದುರಾಳಿಗೆ ಬೆನ್ನು ಕೊಟ್ಟು, ಸೊಂಟದಿಂದ ಅವನನ್ನ ತಡೆದು, ಪಕ್‌ನ ಕಾಲ ಬುಡದಲ್ಲೇ ಮುಚ್ಚಿಟ್ಟುಕೊಳ್ತಾನೆ. ಜೊತೆಗಾರ ಬಂದು ನಿಲ್ಲೋವರೆಗೂ ಬಿಡಲ್ಲ. ಪಾಸ್ ಕೊಟ್ಟ ಮೇಲೆ ಅಲ್ಲೇ ನೋಡ್ತಾ ನಿಲ್ಲದೆ ಸೀದಾ ಗೋಲ್‌ಕೀಪರ್ ಮುಂದೆ ಹೋಗಿ ಅಡ್ಡ ನಿಲ್ತಾನೆ. ಇದು ಹೈಲೈಟ್ಸ್‌ನಲ್ಲಿ ಬರಲ್ಲ.

ಆ ಸೀಸನ್ ಮುಗಿದಾಗ 82 ಪಂದ್ಯ, 20 ಗೋಲ್, 30 ಅಸಿಸ್ಟ್. ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾ ವಿರುದ್ಧ ಹ್ಯಾಟ್ರಿಕ್ ಬೇರೆ. ಕೆನೇಡಿಯನ್ಸ್ ಇತಿಹಾಸದಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಹ್ಯಾಟ್ರಿಕ್ ಹೊಡೆದವರು ಇರಲಿಲ್ಲ. ಹೊಸ ಒಪ್ಪಂದಕ್ಕೆ ನಿಯಮ ಅವಕಾಶ ಕೊಟ್ಟ ಮೊದಲ ದಿನವೇ ತಂಡ ಸಹಿ ಹಾಕಿಸಿಕೊಳ್ತು.

[ಗ್ರಾಫಿಕ್ಸ್: ಸ್ಯಾಲರಿ ಕ್ಯಾಪ್ ಏರಿಕೆ]

ಈಗ ದುಡ್ಡಿನ ವಿಷಯ. ಐಪಿಎಲ್‌ನಲ್ಲಿ ತಂಡಕ್ಕೆ ಇಷ್ಟೇ ಪರ್ಸ್ ಅಂತ ಇರುತ್ತಲ್ಲ, ಎನ್‌ಎಚ್‌ಎಲ್‌ನ ಸ್ಯಾಲರಿ ಕ್ಯಾಪ್ ಕೂಡ ಹಾಗೇನೇ. ಕೋವಿಡ್ ಕಾಲದಲ್ಲಿ ಅದು 81.5 ಮಿಲಿಯನ್ ಡಾಲರ್‌ನಲ್ಲೇ ಕೂತುಬಿಟ್ಟಿತ್ತು. ಈ ಸಹಿ ಬಿದ್ದಾಗ 88 ಮಿಲಿಯನ್. ಅದರಲ್ಲಿ 7.6 ಅಂದ್ರೆ ಶೇ 8.6. ಒಪ್ಪಂದ ಜಾರಿಗೆ ಬಂದ 2025-26ರಲ್ಲಿ ಕ್ಯಾಪ್ 95.5. 2026-27ಕ್ಕೆ 104, ಅದರ ಮುಂದಿನ ವರ್ಷಕ್ಕೆ 113.5 ಅಂತ ಲೀಗ್ 2025ರ ಜನವರಿಯಲ್ಲೇ ಅಂದಾಜು ಕೊಟ್ಟಿತು. ಆ 113.5ರಲ್ಲಿ ಇವನ ಪಾಲು ಶೇ 6.7ಕ್ಕೆ ಇಳಿಯುತ್ತೆ. ಆಟ ಒಂದಿಂಚೂ ಬೆಳೆಯದೇ ಇದ್ರೂ ಒಪ್ಪಂದ ತಾನಾಗೇ ಅಗ್ಗ ಆಗ್ತಾ ಹೋಗುತ್ತೆ.

ಇನ್ನೊಂದು ಸೂಕ್ಷ್ಮ ಇದೆ. ಎನ್‌ಎಚ್‌ಎಲ್‌ನಲ್ಲಿ ಆಟಗಾರ ಪೂರ್ತಿ ಸ್ವತಂತ್ರ ಆಗೋದು ಏಳು ಸೀಸನ್ ಆದ್ಮೇಲೆ, ಇಲ್ಲಾಂದ್ರೆ 27 ತುಂಬಿದ್ಮೇಲೆ. ಅಲ್ಲಿವರೆಗೂ ಹಕ್ಕು ತಂಡದ್ದೇ. ಈ ಎಂಟು ವರ್ಷದಲ್ಲಿ ಹತ್ತಿರಹತ್ತಿರ ಅರ್ಧ, ಇವನು ಯಾರ ಜೊತೆ ಬೇಕಾದ್ರೂ ಚೌಕಾಸಿ ಮಾಡಬಹುದಾಗಿದ್ದ ವರ್ಷಗಳು. ಆ ವರ್ಷಗಳಿಗೂ ಅದೇ 7.6. ಹುಡುಗ ಬಿಟ್ಟುಕೊಟ್ಟಿದ್ದು ಇದನ್ನೇ. ಬದಲಿಗೆ ಅವನಿಗೆ ಸಿಕ್ಕಿದ್ದು ಭದ್ರತೆ. ಮೊಣಕಾಲು ಒಮ್ಮೆ ಕೈಕೊಟ್ಟ ಹುಡುಗನಿಗೆ ಅದೇನು ಸಣ್ಣದಲ್ಲ.

7.6 ಅನ್ನೋ ಸಂಖ್ಯೆಯೇ ಯಾಕೆ? ನಾಯಕ ಸುಝುಕಿಗೆ 7.875, ಕಾಫೀಲ್ಡ್‌ಗೆ 7.85. ಈ ಮೂವರಲ್ಲಿ ನಾಯಕನಿಗಿಂತ ಯಾರಿಗೂ ಜಾಸ್ತಿ ಇಲ್ಲ ಅನ್ನೋ ಹಾಗೆ ಜನರಲ್ ಮ್ಯಾನೇಜರ್ ಕೆಂಟ್ ಹ್ಯೂಸ್ ಆಗ ಮೆಟ್ಟಿಲು ಜೋಡಿಸಿದ್ರು. ಡ್ರೆಸ್ಸಿಂಗ್ ರೂಮಿನಲ್ಲಿ ಮುಖ ಊದಿಸಿಕೊಳ್ಳೋಕೆ ಈ ಮೂವರಲ್ಲಿ ಯಾರಿಗೂ ನೆಪ ಸಿಗಲಿಲ್ಲ.

ಅಪಾಯ ಇಲ್ವಾ? ಇದೆ. 2024-25ರಲ್ಲಿ ಇವನು 79 ಪಂದ್ಯದಲ್ಲಿ 18 ಗೋಲ್, 33 ಅಸಿಸ್ಟ್ ಮಾಡಿದ. ಗೋಲ್, ಅಸಿಸ್ಟ್ ಎರಡೂ ಕೂಡಿದ್ರೆ ಹಿಂದಿನ ವರ್ಷಕ್ಕಿಂತ ಒಂದೇ ಪಾಯಿಂಟ್ ಜಾಸ್ತಿ. ಎರಡು-ಮೂರು ವರ್ಷದ ಸಣ್ಣ ಒಪ್ಪಂದ ಮಾಡಿ ಕಾದು ನೋಡಬಹುದಿತ್ತು ಅನ್ನೋರ ವಾದಕ್ಕೆ ಆ ಸೀಸನ್ ಒಂದಿಷ್ಟು ಬಲ ಕೊಡ್ತು. ನನಗೆ ಆ ವಾದ ಒಪ್ಪಿಗೆ ಇಲ್ಲ. ಕ್ಯಾಪ್ ಏರ್ತಿರೋ ಕಾಲದಲ್ಲಿ ಕಾದವರೇ ಜಾಸ್ತಿ ಕಕ್ಕಬೇಕು. ಸಣ್ಣ ಒಪ್ಪಂದ ಮುಗಿಯೋ ಹೊತ್ತಿಗೆ ಇವನು 30 ಗೋಲ್ ಹೊಡೆಯೋ ಆಟಗಾರ ಆಗಿದ್ರೆ 7.6ಕ್ಕೆ ಮಾತುಕತೆ ಶುರುವೂ ಆಗ್ತಿರಲಿಲ್ಲ.

ಸುಝುಕಿಯ ಒಪ್ಪಂದ 2030ರಲ್ಲಿ ಮುಗಿಯುತ್ತೆ, ಕಾಫೀಲ್ಡ್‌ದು 2031ರಲ್ಲಿ, ಸ್ಲಾಫ್ಕೊವ್‌ಸ್ಕಿದು 2033ರಲ್ಲಿ. ಸುಝುಕಿಗೆ ಹೊಸ ಬೆಲೆ ಕಟ್ಟೋಕೆ ಕೂರೋ ಹೊತ್ತಿಗೆ ಇವನಿಗೆ 26 ವರ್ಷ, ಹಳೇ ದರದಲ್ಲಿ ಇನ್ನೂ ಮೂರು ಸೀಸನ್ ಬಾಕಿ. ಮ್ಯಾನೇಜರ್ ಕುರ್ಚಿಯಲ್ಲಿ ನೀವಿದ್ದಿದ್ರೆ ಎಂಟು ವರ್ಷಕ್ಕೆ ಸಹಿ ಹಾಕ್ತಿದ್ರಾ, ಮೂರಕ್ಕಾ? ಕಮೆಂಟ್‌ನಲ್ಲಿ ಬರೀರಿ.